ಸುಳ್ಳು ಮನೆಯ ಚಿಲಕ

6 ಜೂನ್ 2005, ಸೋಮವಾರ

ಇವತ್ತು ನಾಲ್ಕು ಮಂದಿ ಹೆದರಿದರು. ಐದನೆಯವನು ಹೆದರಲಿಲ್ಲ ಎಂದು ಹೇಳಿಕೊಂಡೇ ಹೋದ, ಆದರೆ ಕೈ ಒರೆಸಿಕೊಳ್ಳಲು ಅವನಿಗೆ ಕರವಸ್ತ್ರ ಸಾಕಾಗಲಿಲ್ಲ. ಸಂಬಳ ತೆಗೆದುಕೊಂಡು ಜನರನ್ನು ಹೆದರಿಸುವ ಕೆಲಸ ನನಗೆ ಸಿಕ್ಕಿದೆ. ಅಮ್ಮನಿಗೆ ಮಣಿಪಾಲದಲ್ಲಿ ಕಂಪ್ಯೂಟರ್ ಕೆಲಸ ಎಂದಷ್ಟೇ ಹೇಳಿದ್ದೇನೆ.

ಮ್ಯಾಗ್ಡಲಿನ್ ಮೇಡಂ ಮನಶ್ಶಾಸ್ತ್ರದವರು. ಹೆದರಿದವರ ಎದೆಬಡಿತಕ್ಕೂ ಅವರು ಹಿಂದೆ ಸರಿಯುವುದಕ್ಕೂ ಏನು ಸಂಬಂಧ ಎಂದು ತಿಳಿಯುವುದು ಅವರ ಸಂಶೋಧನೆ. ಅದಕ್ಕೆ ಅವರಿಗೆ ಒಂದು ಮನೆ ಬೇಕಿತ್ತು, ಕಲ್ಲು ಮಣ್ಣಿನದಲ್ಲ, ಕಂಪ್ಯೂಟರಿನೊಳಗಿನದು. ಕಟ್ಟಿದವನು ನಾನು, ಬಜಗೋಳಿಯ ಭೋಜನ ಮಗ ಲೀಲಾಧರ. ಮೇಡಂ ಅದಕ್ಕೆ ಉದ್ದದ ಇಂಗ್ಲಿಷ್ ಹೆಸರು ಇಟ್ಟಿದ್ದಾರೆ. ನಾನು ಸುಳ್ಳು ಮನೆ ಎನ್ನುತ್ತೇನೆ.

ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಎದೆಗೆ ವಯರು ಅಂಟಿಸಿ, ತಲೆಗೆ ಭಾರದ ಟೋಪಿ ಹಾಕುತ್ತೇವೆ. ಟೋಪಿಯೊಳಗೆ ಎರಡು ಕಣ್ಣಿಗೆ ಎರಡು ಸಣ್ಣ ಪರದೆ. ಕೈಯಲ್ಲಿರುವ ಹಿಡಿಕೆಯನ್ನು ಮುಂದೆ ತಳ್ಳಿದರೆ ಸುಳ್ಳು ಮನೆಯೊಳಗೆ ನಡೆದ ಹಾಗಾಗುತ್ತದೆ. ಮೊದಲು ಚಾವಡಿ, ಆಮೇಲೆ ಕತ್ತಲೆಯ ಒಳ ಓಣಿ, ಓಣಿಯ ಕೊನೆಯಲ್ಲಿ ಬಲಗಡೆ ಮುಚ್ಚಿದ ಬಾಗಿಲು. ಹಂಚಿನ ಮೇಲೆ ಮಳೆ ಬೀಳುವ ಸದ್ದು, ಗಾಳಿ, ಬಾಗಿಲ ತಿರುಗಣೆಯ ಕಿರುಗುಟ್ಟುವಿಕೆ. ಎಷ್ಟು ದೂರ ಬೇಕೋ ಅಷ್ಟು ಹೋಗಿ, ಮನಸ್ಸಿದ್ದರೆ ಬಾಗಿಲು ತೆರೆಯಿರಿ ಎಂದಷ್ಟೇ ಮೇಡಂ ಹೇಳುವುದು. ಯಾರು ಎಲ್ಲಿ ನಿಂತರು, ಆಗ ಎದೆ ಎಷ್ಟು ಹೊಡೆಯಿತು, ಇಷ್ಟೇ ಬೇಕಾದದ್ದು. ಬಾಗಿಲ ಹಿಂದೆ ಏನೂ ಇಲ್ಲ, ಖಾಲಿ ಕೋಣೆ. ಏನಾದರೂ ಇಡಲು ನನಗೆ ಸಮಯ ಸಿಗಲಿಲ್ಲ.

ಬೆಳಿಗ್ಗೆ ವಯರು ಸರಿ ಉಂಟೋ ಎಂದು ನೋಡಲು ನಾನೇ ಒಮ್ಮೆ ಟೋಪಿ ಹಾಕಿಕೊಳ್ಳುತ್ತೇನೆ. ಚಾವಡಿ ದಾಟಿ ಓಣಿಯ ಬಾಯಿಗೆ ಬರುವಾಗ ನನ್ನ ಬಡಿತ ಐವತ್ತೆಂಟು. ಹುಡುಗರದ್ದು ಅಲ್ಲಿಗೆ ನೂರು ದಾಟಿರುತ್ತದೆ. ನನ್ನ ಎದೆ ಎಮ್ಮೆಯ ಎದೆ, ನನಗೇ ಅದರ ಮೇಲೆ ಸ್ವಲ್ಪ ಅಭಿಮಾನ.

9 ಜೂನ್, ಗುರುವಾರ

ಅಮ್ಮನ ಫೋನ್. ಚೈತಾಲಿಯ ಸಂಬಂಧಕ್ಕೆ ಮತ್ತೆ ಅಡ್ಡಿ ಬಂದಿದೆ. ಮೊದಲಿನ ಎರಡು ಮುರಿದಾಗ ತಂಗಿಗೂ ಬೇಸರವಿರಲಿಲ್ಲ, ನನಗೂ ಇರಲಿಲ್ಲ. ಈ ಹೆಬ್ರಿಯ ರಿತೇಶ್ ಹಾಗಲ್ಲ, ಅವಳಿಗೆ ಮನಸ್ಸಿಗೆ ಬಂದಿದ್ದಾನೆ. ಹುಡುಗ ನೋಡಿ ಹೋದ ವಾರವೇ ಅವನ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರಂತೆ. ಅವರ ಮನೆಯವರು ಇಲ್ಲ ಎನ್ನಲಿಲ್ಲ. ನಿಮ್ಮಲ್ಲಿ ಏನೋ ಬಾಕಿ ಉಂಟು, ಅದನ್ನು ತೀರಿಸಿ, ಆಗಸ್ಟಿನಲ್ಲಿ ಆಟಿ ತಿಂಗಳು ಕಳೆಯುವವರೆಗೆ ಕಾಯುತ್ತೇವೆ ಎಂದಿದ್ದಾರೆ.

ದೂಮಪ್ಪ ಮಾವ, ಅಮ್ಮನ ಅಣ್ಣ, ಕವಡೆ ಹಾಕಿ ಬಲಿಮೆ ನೋಡುವವರ ಹತ್ತಿರ ಹೋಗಿ ಕೇಳಿ ಬಂದರಂತೆ. ಮದುವೆಯಾಗದೆ ಹೋದ ಹಿರಿಯ ಹೆಣ್ಣೊಂದು ಮನೆಯಲ್ಲಿದೆ, ಅದನ್ನು ದಾಟಿ ಕಿರಿಯವಳನ್ನು ಹೇಗೆ ಕೊಡುತ್ತೀರಿ ಎಂದು ಬಂತಂತೆ.

ಅದು ನನ್ನ ಅಕ್ಕ, ಅಕ್ಕು. ಏಳು ವರ್ಷಕ್ಕೆ ಗಂಟಲಮಾರಿಯಲ್ಲಿ ಹೋದವಳು. ಆಗ ನನಗೆ ನಾಲ್ಕು, ಮುಖ ಕೂಡ ನೆನಪಿಲ್ಲ. ಚೈತಾಲಿ ಹುಟ್ಟಿರಲಿಲ್ಲ. ಹೋದ ಮಕ್ಕಳು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಅವರಿಗೂ ಮದುವೆ ಮಾಡಿಸಬೇಕು ಎಂದು ನಮ್ಮ ಕಡೆಯ ನಂಬಿಕೆ. ಹೋದವರನ್ನು ಕುಲೆ ಎನ್ನುವುದು, ಅದಕ್ಕೆ ಇದು ಕುಲೆ ಮದುವೆ. ಗಂಡೂ ಹಾಗೆಯೇ ಹೋದವನಾಗಿರಬೇಕು.

"ಅವಳು ತಮ್ಮನನ್ನು ಕೇಳುತ್ತಿದ್ದಾಳೆ ಅಂತ ಬಂದಿದೆ" ಎಂದರು ಅಮ್ಮ. "ನೀನೇ ಕರೆದುಕೊಂಡು ಬಂದು ಧಾರೆ ಎರೆದು ಕೊಡಬೇಕು. ಮಾತನಾಡಲಿಕ್ಕೆ ಉಂಟು, ಆದಿತ್ಯವಾರ ಬಾ."

"ಕೆಲಸ ಉಂಟಮ್ಮ."

"ಆದಿತ್ಯವಾರ ಎಂತ ಕೆಲಸ?"

ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದರೆ ಚೈತಾಲಿಗೋಸ್ಕರ ಒಂದು ದಿನ ಮಣೆಯ ಮುಂದೆ ನಿಂತರೆ ನನ್ನ ಗಂಟೇನೂ ಹೋಗುವುದಿಲ್ಲ. ಬರುತ್ತೇನೆ ಎಂದೆ.

12 ಜೂನ್, ಭಾನುವಾರ

ಬಜಗೋಳಿಗೆ ಹೊರಟೆ. ಮಳೆಗೆ ಟಾರ್ಪಾಲು ಇಳಿಸಿದ್ದರಿಂದ ಬಸ್ಸಿನೊಳಗೆ ಉಸಿರು ಕಟ್ಟುತ್ತಿತ್ತು. ಹಿರಿಯಡ್ಕದಲ್ಲಿ ಇಳಿದು ಚಹಾ ಕುಡಿದೆ. ಅಷ್ಟರಲ್ಲಿ ಎದುರಿನಿಂದ ಮಣಿಪಾಲದ ಬಸ್ಸು ಬಂತು. ಖಾಲಿ ಬಸ್ಸು, ಒಳ್ಳೆಯ ಸೀಟು, ಹತ್ತಿಬಿಟ್ಟೆ. ಅಮ್ಮನಿಗೆ ಫೋನ್ ಮಾಡಿ ಮಳೆ ಜೋರು ಎಂದೆ. ಸುಳ್ಳೇನಲ್ಲ, ಮಳೆ ಜೋರಾಗಿಯೇ ಇತ್ತು.

15 ಜೂನ್, ಬುಧವಾರ

ಮೇಡಂ ಇವತ್ತು ತಾವೇ ಟೋಪಿ ಹಾಕಿಕೊಂಡು ನಡೆದು ನೋಡಿದರು. ತೆಗೆದು ಕನ್ನಡಕ ಒರೆಸಿಕೊಳ್ಳುತ್ತಾ, "ಲೀಲಾಧರ, ನಾನು ಇಷ್ಟು ಗಿಡ್ಡ ಅಲ್ಲ ಮಾರಾಯ" ಎಂದರು.

ಲೆಕ್ಕ ತೆಗೆದು ನೋಡಿದರೆ, ಮನೆಯನ್ನು ನೋಡುವ ಕಣ್ಣಿನ ಎತ್ತರವನ್ನು ನಾನು ಮೂರು ಅಡಿಗೆ ಇಟ್ಟಿದ್ದೇನೆ. ಮನುಷ್ಯರ ಕಣ್ಣು ಐದು ಅಡಿಯ ಹತ್ತಿರ ಇರಬೇಕು. ಯಾವಾಗ ಇಟ್ಟೆನೋ, ಯಾಕೆ ಇಟ್ಟೆನೋ.

"ಮತ್ತೆ ಚಿಲಕ ಎಂತ ಆಕಾಶದಲ್ಲಿ ಉಂಟು?" ಎಂದರು ಮೇಡಂ.

ಕುರ್ಚಿಯಲ್ಲಿ ಕುಳಿತವರಿಗೆ ಸರಿ ಕಾಣಲಿ ಎಂದು ಹಾಗೆ ಮಾಡಿದ್ದು ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಇರಲಿ ಬಿಡಿ. ಸಣ್ಣವರಾದ ಹಾಗೆ ಆಗುತ್ತದೆ, ಹೆದರಿಕೆಗೆ ಅದು ಒಳ್ಳೆಯದೇ" ಎಂದರು. ಅಂತೂ ನನ್ನ ತಪ್ಪು ಸಂಶೋಧನೆಯಾಯಿತು.

ಸಂಜೆ ಬೆಂಜಮಿನ್ ಎಂಬ ವಿದ್ಯಾರ್ಥಿ ಬಾಗಿಲ ಹತ್ತಿರದವರೆಗೆ ಹೋಗಿ ಹಿಂದೆ ಬಂದ. "ಆ ಟಕ್ ಟಕ್ ಮಾತ್ರ ಬೇಡವಾಗಿತ್ತು ಸಾರ್" ಎಂದ.

"ಯಾವ ಟಕ್ ಟಕ್?"

"ಒಳಗಿನಿಂದ ಬಾಗಿಲು ತಟ್ಟುತ್ತದಲ್ಲ. ಎರಡು ಸಲ."

ಸುಳ್ಳು ಮನೆಯಲ್ಲಿ ಮಳೆ, ಗಾಳಿ, ತಿರುಗಣೆ ಬಿಟ್ಟರೆ ಬೇರೆ ಸದ್ದು ಇಲ್ಲ. ಇಟ್ಟವನು ನಾನು, ನನಗೆ ಗೊತ್ತಿಲ್ಲವೇ. ಸದ್ದುಗಳನ್ನು ಒಂದೊಂದಾಗಿ ಹಾಕಿ ಕೇಳಿದೆ, ಮೂರೇ ಇವೆ. ಹೆದರಿದವನ ಕಿವಿಗೆ ಅವನದೇ ಎದೆ ಕೇಳಿಸಿರಬೇಕು.

19 ಜೂನ್, ಭಾನುವಾರ

ದೂಮಪ್ಪ ಮಾವ ಉಡುಪಿ ಬಸ್‌ಸ್ಟ್ಯಾಂಡಿಗೆ ಬಂದು ನನ್ನನ್ನು ಕಾಪುವಿಗೆ ಕರೆದುಕೊಂಡು ಹೋದರು, ಗಂಡು ನೋಡಲು. ಎಂಟು ವರ್ಷಕ್ಕೆ ಕಡಲಲ್ಲಿ ಹೋದ ಹುಡುಗ, ಹೆಸರು ವಾಸು. ದಾರಿಯಲ್ಲಿ ನಾನು ಸುಮ್ಮನಿರಲಾರದೆ, "ಹುಡುಗನಿಗೆ ಎಂತ ಕೆಲಸ ಮಾವ?" ಎಂದು ಕೇಳಿದೆ. ಮಾವ ಬಸ್ಸಿನ ಕಿಟಕಿಯ ಹೊರಗೆ ಉಗುಳಿ, "ನಿನ್ನ ಹಾಗೆ ಮನೆಗೆ ಬಾರದೆ ತಿರುಗುವ ಕೆಲಸ ಅಲ್ಲ" ಎಂದರು.

ಕಡಲಿನ ಸದ್ದು ಕೇಳುವ ಸಣ್ಣ ಹಂಚಿನ ಮನೆ. ವಾಸುವಿನ ತಾಯಿ ಒಬ್ಬರೇ ಇದ್ದರು. ಅವಲಕ್ಕಿ ಕೊಟ್ಟರು, ಹೆಣ್ಣಿನ ಕಡೆಯವರು ಎಂದು ಬಹಳ ಮರ್ಯಾದೆ ಮಾಡಿದರು. ಆಮೇಲೆ ಒಂದು ಟ್ರಂಕ್ ತಂದು ತೆರೆದರು. ಒಳಗೆ ಮಡಚಿಟ್ಟ ಅಂಗಿಗಳು. ಅಡಿಯಲ್ಲಿ ಸಣ್ಣ ಅಂಗಿ, ಅದರ ಮೇಲೆ ಸ್ವಲ್ಪ ದೊಡ್ಡದು, ಮತ್ತೂ ದೊಡ್ಡದು. ಪ್ರತಿ ಆಟಿಗೆ ಒಂದು ಹೊಸ ಅಂಗಿ ತಂದು, ಅವನಿಗೆ ಎಲೆ ಬಡಿಸಿ, ಎಲೆಯ ಬದಿಗೆ ಇಡುತ್ತಾರಂತೆ.

"ಈಗ ನಾಲ್ಕೈದು ವರ್ಷದಿಂದ ನಲವತ್ತೇ ತರುವುದು" ಎಂದರು. "ಇನ್ನು ಬೆಳೆಯುವ ಪ್ರಾಯ ಅಲ್ಲವಲ್ಲ."

ಮೇಲಿನ ಅಂಗಿ ನೀಲಿ ಗೆರೆಯದು. ನನ್ನ ಅಳತೆಯೂ ನಲವತ್ತು. ನನಗೆ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ.

ಹೊರಡುವಾಗ ಅವರು ಅಕ್ಕುವಿನ ಬಗ್ಗೆ ಕೇಳಿದರು. ಬಣ್ಣ ಹೇಗೆ, ಉದ್ದವೋ ಗಿಡ್ಡವೋ, ಕೂದಲು ಎಷ್ಟು ಉಂಟು. ಎಂತ ಹೇಳುವುದು, ಅಮ್ಮನ ಹಾಗೆ ಇದ್ದಾಳೆ ಎಂದೆ. ಇದ್ದಳು ಎನ್ನಬೇಕಿತ್ತು.

24 ಜೂನ್, ಶುಕ್ರವಾರ

ಬರೀ ಕಾಲೇಜಿನವರೇ ಆದರೆ ಆಗುವುದಿಲ್ಲ ಎಂದು ಮೇಡಂ ಪಕ್ಕದಲ್ಲಿ ಏಳುತ್ತಿರುವ ಕಟ್ಟಡದ ಕೆಲಸದವರನ್ನೂ ಕರೆಸುತ್ತಿದ್ದಾರೆ. ಇವತ್ತು ಬಾದಾಮಿ ಕಡೆಯ ರೇವಪ್ಪ ಮತ್ತು ಅವನ ಹೆಂಡತಿ ಯಂಕವ್ವ. ರೇವಪ್ಪ ಚಾವಡಿಯಲ್ಲೇ ನಿಂತು ನಕ್ಕು ಟೋಪಿ ತೆಗೆದುಕೊಟ್ಟ. ಯಂಕವ್ವನ ಎದೆ ಮಾತ್ರ ಓಣಿಗೆ ಕಾಲಿಟ್ಟದ್ದೇ ಓಡತೊಡಗಿತು. ನೂರಿಪ್ಪತ್ತು, ನೂರಮೂವತ್ತು. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ನಿಲ್ಲಿಸೋಣವೇ ಎಂದು ಮೇಡಂ ನನ್ನ ಕಡೆ ನೋಡುವಷ್ಟರಲ್ಲಿ ಅವಳು ಬಾಗಿಲಿಗೆ ಹೋಗಿ ಚಿಲಕ ತೆಗೆದುಬಿಟ್ಟಳು. ಇಷ್ಟು ದಿನದಲ್ಲಿ ಅದನ್ನು ತೆರೆದವರು ಇವಳೊಬ್ಬಳೇ.

ಟೋಪಿ ತೆಗೆದಾಗ ಕುತ್ತಿಗೆಯೆಲ್ಲ ಬೆವರು.

"ಹೆದರಿಕೆ ಆಯಿತಲ್ಲ, ಮತ್ತೆ ಯಾಕೆ ಹೋದದ್ದು?" ಎಂದು ಕೇಳಿದೆ.

"ಹೆದ್ರಿಕಿ ಭಾಳ ಆತ್ರೀ. ಆದ್ರ ಒಳಗ ಕೂಸು ಬಾಗ್ಲಾ ಬಡಿಯಾಕತ್ತಿತ್ತು. ಹೆಂಗ ಬಿಟ್ಟು ಬರೂದ್ರೀ?"

ಕೂಸು ಎಲ್ಲಿದೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು, ತೆಗೆದು ನೋಡಿದರೆ ಯಾರೂ ಇರಲಿಲ್ಲವಂತೆ. ರೇವಪ್ಪ ನಗುತ್ತಿದ್ದ, ಅವಳು ನಗಲಿಲ್ಲ.

3 ಜುಲೈ, ಭಾನುವಾರ

ಕಾರ್ಕಳದವರೆಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಬಜಗೋಳಿಯ ಬಸ್ಸುಗಳು ಒಂದರ ಹಿಂದೆ ಒಂದು ನಿಂತಿದ್ದವು, ಎಲ್ಲದರಲ್ಲೂ ನೂಕುನುಗ್ಗಲು. ಗೋಳಿಬಜೆ ತಿಂದೆ. ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು, ಹೊಲಿಸಿದೆ. ಅಷ್ಟರಲ್ಲಿ ಹೊತ್ತಾಯಿತು. ಈಗ ಹೋದರೆ ಅಮ್ಮ ಊಟಕ್ಕೆ ಪುನಃ ಒಲೆ ಹೊತ್ತಿಸಬೇಕು ಎಂದು ಹಿಂದೆ ಬಂದೆ.

ಅಮ್ಮ ಫೋನಿನಲ್ಲಿ ಊಟ ಆಯಿತಾ ಎಂದಷ್ಟೇ ಕೇಳಿದರು. ಅದು ಬೈಗುಳಕ್ಕಿಂತ ಕಷ್ಟ.

10 ಜುಲೈ, ಭಾನುವಾರ

ನಾನು ಹೋಗದಿದ್ದರೆ ಏನು, ಚೈತಾಲಿಯೇ ಬಂದಳು. ಪತ್ರೊಡೆ ಕಟ್ಟಿಕೊಂಡು ಬಂದಿದ್ದಳು. "ನಿನ್ನ ಮುಖ ನೋಡು ಅಣ್ಣ, ಸೋರೆಕಾಯಿ ಹಾಗೆ ಆಗಿದೆ. ನಿದ್ದೆ ಮಾಡುವುದಿಲ್ವಾ?" ಎಂದಳು. ಮಾಡುತ್ತೇನೆ, ದೀಪ ಹಾಕಿಕೊಂಡು ಮಾಡುತ್ತೇನೆ, ಬಾಡಿಗೆ ಕೋಣೆಯಲ್ಲಿ ಜಿರಲೆ ಕಾಟ.

ಸುಳ್ಳು ಮನೆ ತೋರಿಸು ಎಂದು ಹಟ ಹಿಡಿದಳು. ಟೋಪಿ ಹಾಕಿದೆ. ಚಾವಡಿಯಲ್ಲಿ ಸ್ವಲ್ಪ ಹೊತ್ತು ಸುತ್ತಿದಳು, ಆಮೇಲೆ ಒಂದು ಕಂಬದ ಮುಂದೆ ನಿಂತಳು.

"ಅಣ್ಣ, ಇದು ನಮ್ಮ ಮನೆ ಅಲ್ವಾ?"

"ಎಲ್ಲ ಹಂಚಿನ ಮನೆಯೂ ಒಂದೇ ತರ."

"ಕಂಬದಲ್ಲಿ ಗಾಯ ಉಂಟು. ಅಪ್ಪ ಕೊಡಲಿ ನೇತುಹಾಕುತ್ತಿದ್ದ ಜಾಗ."

"ಹುಚ್ಚು ಹಿಡಿದಿದೆಯಾ? ನಮ್ಮಲ್ಲಿ ಓಣಿಯ ಕೊನೆಯಲ್ಲಿ ಬಾಗಿಲೇ ಇಲ್ಲ. ಬರೀ ಗೋಡೆ."

ಅವಳು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಮೊದಲು ಇತ್ತಂತೆ. ಅಕ್ಕು ಇದ್ದದ್ದು ಆ ಕೋಣೆಯಲ್ಲಿ. ಅವಳು ಹೋದ ಮೇಲೆ ಅಪ್ಪ ಬಾಗಿಲು ಕಿತ್ತು ಗೋಡೆ ಕಟ್ಟಿಸಿದ್ದು. ಅಮ್ಮ ಹೋದ ವಾರ ಹೇಳಿದರು. ಕಾಯಿಲೆ ನಿನಗೂ ಅಂಟೀತು ಅಂತ ಹೊರಗಿನಿಂದ ಚಿಲಕ ಹಾಕಿ ಇಡುತ್ತಿದ್ದರಂತೆ. ಅವಳು ಒಳಗಿನಿಂದ ಎರಡು ಸಲ ತಟ್ಟುವುದು, ನೀನು ಹೊರಗಿನಿಂದ ಎರಡು ಸಲ ತಟ್ಟುವುದು. ಚಿಲಕ ಎಟುಕದೆ ನೀನು ಬಾಗಿಲ ಬುಡದಲ್ಲೇ ಮಲಗಿರುತ್ತಿದ್ದೆಯಂತೆ."

ನನಗೆ ಅಂಥದ್ದೇನೂ ನೆನಪಿಲ್ಲ ಎಂದೆ. ನಿಜವಾಗಿಯೂ ಇಲ್ಲ. ಪತ್ರೊಡೆ ಚೆನ್ನಾಗಿತ್ತು, ಆದರೆ ಪೂರ್ತಿ ತಿನ್ನಲು ಆಗಲಿಲ್ಲ.

ಬಸ್ಸು ಹತ್ತುವ ಮೊದಲು ಅವಳು, "ನನಗೆ ಕುಲೆ ಗಿಲೆ ಗೊತ್ತಿಲ್ಲ ಅಣ್ಣ. ನನಗೆ ರಿತೇಶ್ ಬೇಕು. ನೀನು ಬರದಿದ್ದರೆ ಆಗುವುದಿಲ್ಲ" ಎಂದಳು. ಕಣ್ಣು ತುಂಬಿತ್ತು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

12 ಜುಲೈ, ಮಂಗಳವಾರ

ವಯರು ಸರಿಯಾಗಿಯೇ ಇರುತ್ತದೆ, ದಿನಾ ನೋಡುವ ಅಗತ್ಯವಿಲ್ಲ. ಇವತ್ತಿನಿಂದ ಬೆಳಗಿನ ಪರೀಕ್ಷೆ ಬಿಟ್ಟಿದ್ದೇನೆ. ಟೋಪಿಯ ಮೇಲೆ ಮೈ ಒರೆಸುವ ಒಂದು ಬೈರಾಸು ಹಾಕಿ ಮುಚ್ಚಿದೆ, ಧೂಳು ಬೀಳದ ಹಾಗೆ.

17 ಜುಲೈ, ಭಾನುವಾರ

ಆಟಿ ಹಿಡಿಯಿತು. ಬದುಕಿದವರ ಶುಭಕಾರ್ಯಕ್ಕೆ ಆಗದ ತಿಂಗಳು, ಹೋದವರಿಗೆ ಎಲೆ ಬಡಿಸುವ ತಿಂಗಳು.

ಮಾವನ ಫೋನ್. ಮತ್ತೊಮ್ಮೆ ಬಲಿಮೆಗೆ ಹೋಗಿದ್ದರಂತೆ. ಇಷ್ಟು ವರ್ಷ ನೀವು ಅವಳಿಗೆ ಬಾಗಿಲೇ ಇಲ್ಲದ ಕಡೆ ಬಡಿಸುತ್ತಿದ್ದೀರಿ ಎಂದು ಬಂತಂತೆ. ಹೌದು, ಅಮ್ಮ ಎಲೆ ಹಾಕುತ್ತಿದ್ದದ್ದು ಚಾವಡಿಯಲ್ಲಿ. ಅವಳು ಉಣ್ಣಲಿ ಎಂದು ಚಾವಡಿಯ ಬಾಗಿಲು ಮುಚ್ಚಿ ನಾವು ಅಂಗಳದಲ್ಲಿ ನಿಲ್ಲುವುದು, ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಬರುವುದು. ಅವಳು ಗೋಡೆಯ ಆಚೆ, ಎಲೆ ಗೋಡೆಯ ಈಚೆ. ಯಾರಿಗೂ ಇದು ಹೊಳೆದಿರಲಿಲ್ಲ.

"ಗೋಡೆ ಒಡೆಸಿದ್ದೇನೆ" ಎಂದರು ಮಾವ. "ಭೋಜ ಭಾವ ಬದುಕಿದ್ದಾಗ ಆ ಬಾಗಿಲನ್ನು ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದ. ಅದನ್ನೇ ಪುನಃ ಕೂರಿಸಿದ್ದು. ಮೂವತ್ತೊಂದಕ್ಕೆ ಮದುವೆ. ಕಾಪುವಿನವರು ಒಪ್ಪಿದ್ದಾರೆ. ನೀನು ಓಣಿಯಲ್ಲಿ ಹೋಗಿ, ಬಾಗಿಲು ತೆಗೆದು, ಅವಳನ್ನು ಹೊರಗೆ ಕರೆದುಕೊಂಡು ಬಂದರೆ ಆಯಿತು. ಅದಕ್ಕಿಂತ ಹೆಚ್ಚು ಎಂತದೂ ಇಲ್ಲ."

ಹೌದಲ್ಲ, ಅದಕ್ಕಿಂತ ಹೆಚ್ಚು ಎಂತದೂ ಇಲ್ಲ. ದಿನಾ ಬೇರೆಯವರಿಂದ ಮಾಡಿಸುವುದು ಅದನ್ನೇ.

24 ಜುಲೈ, ಭಾನುವಾರ

ಬಜಗೋಳಿಯಲ್ಲಿ ಇಳಿದೆ. ರಿಕ್ಷಾದವನು ಗುರುತು ಹಿಡಿದು ಮನೆಗಾ ಎಂದ. ಇಲ್ಲ, ಔಷಧಿ ಅಂಗಡಿಗೆ ಎಂದೆ. ತಲೆನೋವಿನ ಮಾತ್ರೆ ಕೊಂಡುಕೊಂಡು, ಅದೇ ಬಸ್ಸು ತಿರುಗಿ ಹೊರಡುವಾಗ ಹತ್ತಿದೆ. ಮಾತ್ರೆ ಮಣಿಪಾಲದಲ್ಲೂ ಸಿಗುತ್ತದೆ ಎಂದು ಹೊಳೆದದ್ದು ಹಿರಿಯಡ್ಕ ದಾಟಿದ ಮೇಲೆ.

29 ಜುಲೈ, ಶುಕ್ರವಾರ

ರಜೆ ಕೇಳಲು ಹೋದಾಗ ಮೇಡಂ ತಮ್ಮ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಯಾರು ಎಲ್ಲಿಯವರೆಗೆ ಹೋದರು ಎಂಬುದಕ್ಕೆ ಓಣಿಯ ನಕ್ಷೆಯ ಮೇಲೆ ಚುಕ್ಕಿಗಳು. ಹೆಚ್ಚಿನವು ನಡುವಿನಲ್ಲಿ, ಕೆಲವು ಬಾಗಿಲ ಹತ್ತಿರ. ಓಣಿಯ ಬಾಯಲ್ಲಿ ಮಾತ್ರ ಒಂದೇ ಕಡೆ ಬಹಳ ಚುಕ್ಕಿ.

"ಇದು ಯಾರು?" ಎಂದು ಕೇಳಿದೆ.

"ನೀವು. ಬೆಳಗ್ಗಿನದ್ದು."

"ನಾನು ವಯರು ನೋಡಲು ಹೋಗುವುದು ಮೇಡಂ. ಮುಂದೆ ಹೋಗುವ ಅಗತ್ಯ ಇಲ್ಲ. ನನ್ನ ಬಡಿತ ನೋಡಿ, ಐವತ್ತೆಂಟು. ಕೊನೆಕೊನೆಗೆ ಐವತ್ತೂ ಇಲ್ಲ."

"ಅದನ್ನೇ ನೋಡುತ್ತಿದ್ದೇನೆ" ಎಂದರು. ಅವರ ದನಿ ಮೆತ್ತಗಿತ್ತು. "ಹೆದರಿದಾಗ ಎಲ್ಲರ ಎದೆಯೂ ಓಡುವುದಿಲ್ಲ. ಕೆಲವರದ್ದು ನಿಧಾನ ಆಗುತ್ತದೆ. ನಾಯಿಯ ವಾಸನೆ ಬಂದರೆ ಮೊಲ ಹುಲ್ಲಿನಲ್ಲಿ ಅಲ್ಲಾಡದೆ ಕುಳಿತುಬಿಡುತ್ತದಲ್ಲ, ಹಾಗೆ. ಓಣಿಗೆ ಬರುವ ಮೊದಲು ನಿಮ್ಮದು ಎಪ್ಪತ್ತೆಂಟು ಲೀಲಾಧರ. ಎದೆ ಒಂದನ್ನೇ ನೋಡಿ ಧೈರ್ಯ ಅಳೆಯಬೇಡಿ, ಕಾಲು ಎಲ್ಲಿ ನಿಂತಿತು ನೋಡಿ."

ನನಗೆ ಅವಮಾನವಾಯಿತು. ಯಂಕವ್ವ ಬೆವರುತ್ತಾ ತೆರೆದ ಬಾಗಿಲು ನೆನಪಾಯಿತು. ಮದುವೆಯ ಸಂಗತಿ ಹೇಳಬಾರದು ಎಂದಿದ್ದವನು ಎಲ್ಲವನ್ನೂ ಹೇಳಿಬಿಟ್ಟೆ. ಮೇಡಂ ನಗಲಿಲ್ಲ. ಕಪಾಟಿನಿಂದ ಸೊಂಟಕ್ಕೆ ಕಟ್ಟುವ ಒಂದು ಸಣ್ಣ ಪೆಟ್ಟಿಗೆ ತೆಗೆದರು, ಇಡೀ ದಿನದ ಎದೆಬಡಿತ ಅದರಲ್ಲಿ ದಾಖಲಾಗುತ್ತದೆ. "ಇದನ್ನು ಹೊರಗೆ ಎಲ್ಲಾದರೂ ಪರೀಕ್ಷೆ ಮಾಡಬೇಕಿತ್ತು. ಕಟ್ಟಿಕೊಂಡು ಹೋಗಿ ಬನ್ನಿ, ನನಗೆ ಉಪಕಾರ ಆಗುತ್ತದೆ" ಎಂದರು.

ಹಾಗಾಗಿ ನಾನು ಹೋಗುತ್ತಿರುವುದು ಪೆಟ್ಟಿಗೆಗೋಸ್ಕರ. ಹಾಗೆಂದುಕೊಂಡರೆ ಹೊರಡುವುದು ಸುಲಭ.

1 ಆಗಸ್ಟ್, ಸೋಮವಾರ, ಬಜಗೋಳಿ

ನಿನ್ನೆಯದು ಬರೆಯುತ್ತಿದ್ದೇನೆ.

ಬಜಗೋಳಿಯಲ್ಲಿ ಬಸ್ಸು ನಿಂತಾಗ ಚೈತಾಲಿ ಕೊಡೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಹೋದ ವಾರ ಔಷಧಿ ಅಂಗಡಿಗೆ ಬಂದಿದ್ದೆಯಂತೆ. ರಿಕ್ಷಾದವರು ಹೇಳಿದರು" ಎಂದು ನನ್ನ ಮಣಿಕಟ್ಟು ಹಿಡಿದಳು, ಮನೆಯ ಅಂಗಳದವರೆಗೆ ಬಿಡಲಿಲ್ಲ. ಮದುವೆಯಾಗದವರು ಈ ಮದುವೆ ನೋಡಬಾರದು. ಬಲಿಮೆಯಲ್ಲಿ ಹೆಸರು ಬಂದವನಾದ್ದರಿಂದ ನನಗೆ ಮಾತ್ರ ವಿನಾಯಿತಿ. ಅವಳು ನೆರೆಮನೆಗೆ ಹೋದಳು. ಬೇಲಿ ದಾಟುವಾಗ ಮೂರು ಸಲ ಹಿಂದೆ ತಿರುಗಿ ನೋಡಿದಳು.

ಸಂಜೆಯ ಹೊತ್ತು, ಮಳೆ. ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಪಂಚೆ ಮತ್ತು ಆ ನೀಲಿ ಗೆರೆಯ ಅಂಗಿ, ಅದರ ಪಕ್ಕದಲ್ಲಿ ವಾಸುವಿನ ತಾಯಿ. ಇನ್ನೊಂದು ಖಾಲಿ. ಅಕ್ಕುವಿನ ಸೀರೆ, ಬಳೆ, ಮಲ್ಲಿಗೆ ಎಲ್ಲವನ್ನೂ ಅಮ್ಮ ಬೆಳಿಗ್ಗೆಯೇ ಆ ಕೋಣೆಯೊಳಗೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿದ್ದರು. ಮಾವ ನನ್ನ ಹೆಗಲು ಮುಟ್ಟಿ, "ಹೋಗು" ಎಂದರು.

ಓಣಿಯ ಬಾಯಲ್ಲಿ ನಿಂತೆ. ಓಣಿ ನಾನು ಕಟ್ಟಿದ ಹಾಗೆಯೇ ಇತ್ತು. ಬಲಗಡೆಯ ಬಾಗಿಲು, ಅದರ ಅಡಿಯಲ್ಲಿ ಹಳದಿ ಬೆಳಕಿನ ಗೆರೆ. ಹಂಚಿನ ಮೇಲಿನ ಮಳೆಯೂ ಅದೇ. ಕಾಲು ಏಳಲಿಲ್ಲ. ಹೆದರಿಕೆ ಎಂದು ನನಗೆ ಅನಿಸಲೇ ಇಲ್ಲ, ಮೈಯೆಲ್ಲ ತಣ್ಣಗೆ, ಶಾಂತ. ಎದೆ ಎಷ್ಟು ನಿಧಾನವಾಗಿತ್ತೆಂದರೆ, ಒಂದು ಬಡಿತ ಮುಗಿದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುವಂತಾಗಿತ್ತು. ತಿರುಗಿ ಹೋಗಿ, ಮಾವ, ನೀವೇ ಕರೆದುಕೊಂಡು ಬನ್ನಿ ಎನ್ನೋಣ ಎಂದುಕೊಂಡೆ. ಹೇಳಲು ಕಾರಣವೂ ಸಿದ್ಧವಾಗಿತ್ತು, ಪೆಟ್ಟಿಗೆಯ ವಯರು ಬಿಚ್ಚಿಹೋಗಿದೆ ಎಂದು.

ಆಗ ಒಳಗಿನಿಂದ ಸದ್ದು ಕೇಳಿತು ಎಂದು ನಾನು ಬರೆಯುವುದಿಲ್ಲ. ಬರೆದರೆ ಮುಂದೊಂದು ದಿನ ಓದುವಾಗ ನಾನೇ ನಗುತ್ತೇನೆ. ಹಳೆಯ ಮರ, ಮಳೆಗಾಲ, ಹೊಸದಾಗಿ ಕೂರಿಸಿದ ಬಾಗಿಲು. ಮರ ಉಬ್ಬಿದಾಗ ಸದ್ದು ಮಾಡುತ್ತದೆ.

ಆದರೆ ಒಳಗೆ ಕೂಸು ಇದ್ದರೆ, ಹೇಗೆ ಬಿಟ್ಟು ಹೋಗುವುದು? ಅಷ್ಟು ಅನಿಸಿದ್ದೇ ಎದೆ ಓಡತೊಡಗಿತು. ಕಿವಿಯಲ್ಲಿ, ಗಂಟಲಲ್ಲಿ, ಹೊಟ್ಟೆಯಲ್ಲಿ ಎಲ್ಲ ಕಡೆ ಬಡಿಯುತ್ತಿತ್ತು. ಹೆದರಿಕೆ ಎಂದರೆ ಇದು ಎಂದು ಗೊತ್ತಾಯಿತು. ಕಾಲು ಎದ್ದಿತು, ಓಣಿಯ ಕೊನೆಯವರೆಗೆ ನಡೆದೆ.

ಬಾಗಿಲಿಗೆ ಬೆರಳಿನಿಂದ ಎರಡು ಸಲ ತಟ್ಟಿದೆ. ಆಮೇಲೆ ಚಿಲಕ ಹುಡುಕಲು ಕೈ ಮೇಲಕ್ಕೆತ್ತಿದೆ, ತಲೆಗಿಂತ ಮೇಲಕ್ಕೆ. ಕೈಗೆ ಬರೀ ಹಲಗೆ ಸಿಕ್ಕಿತು. ಚಿಲಕ ಇದ್ದದ್ದು ನನ್ನ ಎದೆಯ ಮಟ್ಟದಲ್ಲಿ. ಅಷ್ಟು ಕೆಳಗೆ. ಅದನ್ನು ನೋಡಿ ನನಗೆ ಅಳು ಬಂತು. ಮೂವತ್ತು ಹತ್ತಿರ ಬಂದ ಗಂಡಸು ಬಾಗಿಲಿಗೆ ಹಣೆ ಹಚ್ಚಿ ಅತ್ತೆ.

"ಅಕ್ಕಾ" ಎಂದೆ. "ನಾನು ದೊಡ್ಡವನಾಗಿದ್ದೇನೆ. ಈಗ ಎಟುಕುತ್ತದೆ."

ತೆರೆದೆ. ಸಣ್ಣ ಕೋಣೆ, ಹೊಸ ಸುಣ್ಣದ ವಾಸನೆ. ದೀಪದ ಪಕ್ಕದಲ್ಲಿ ತಟ್ಟೆಯ ಮೇಲೆ ಹಸಿರು ಸೀರೆ. ಸೀರೆ ದೊಡ್ಡ ಹೆಂಗಸಿನದು ಎಂಬುದೇ ನನಗೆ ಆಶ್ಚರ್ಯವಾಯಿತು, ನಾನು ಲಂಗ ಇರುತ್ತದೆ ಎಂದುಕೊಂಡಿದ್ದೆ. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ತರಬೇಕಿತ್ತು. ನಾನು ಸೀರೆಯನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡು ಬಂದೆ. ಯಾಕೆ ಹಾಗೆ ಮಾಡಿದೆನೋ. ಅದನ್ನು ನೋಡಿ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. "ಅವಳು ನಿನ್ನನ್ನು ಹೀಗೆಯೇ ಎತ್ತಿಕೊಳ್ಳುತ್ತಿದ್ದಳು" ಎಂದರು.

ಖಾಲಿ ಮಣೆಯ ಮೇಲೆ ಸೀರೆ ಇಟ್ಟು, ಬಳೆ, ಮಲ್ಲಿಗೆ ಜೋಡಿಸಿ, ಧಾರೆ ಎರೆದೆ. ವಾಸುವಿನ ತಾಯಿ ಅಂಗಿಯ ತೋಳನ್ನು ಸೀರೆಯ ಸೆರಗಿನ ಮೇಲೆ ಇಟ್ಟರು. ಇಬ್ಬರಿಗೂ ಎಲೆ ಬಡಿಸಿ, ಬಾಗಿಲು ಮುಚ್ಚಿ, ಅಂಗಳದಲ್ಲಿ ನಿಂತೆವು. ಆಮೇಲೆ ತಟ್ಟಿ ಒಳಗೆ ಹೋಗಿ ಊಟ ಮಾಡಿದೆವು. ನಾನು ಎರಡು ಸಲ ಬಡಿಸಿಕೊಂಡೆ.

ರಾತ್ರಿ ದೀಪ ಆರಿಸಿ ಮಲಗಿದೆ.

4 ಆಗಸ್ಟ್, ಗುರುವಾರ, ಮಣಿಪಾಲ

ಮೇಡಂ ಪೆಟ್ಟಿಗೆಯ ಗೆರೆಯನ್ನು ಪರದೆಯ ಮೇಲೆ ಹಾಕಿದರು. ಒಂದು ಕಡೆ ಗೆರೆ ತಗ್ಗಿಗೆ ಇಳಿದು, ನಲವತ್ತೆರಡರಲ್ಲಿ ಬಹಳ ಹೊತ್ತು ನಿಂತಿದೆ. ಆಮೇಲೆ ಒಮ್ಮೆಲೇ ನೂರನಲವತ್ತು.

"ಇಲ್ಲಿ ಓಡಿ ಬಂದಿರಾ?"

"ಇಲ್ಲ ಮೇಡಂ. ಇಲ್ಲಿ ಒಳಗೆ ಹೋದದ್ದು."

ಅವರು ಆ ಜಾಗವನ್ನು ಬೆರಳಿನಿಂದ ಮುಟ್ಟಿ, ಗಂಟೆ ಬರೆದುಕೊಂಡರು. ಚಿಲಕವನ್ನು ಸರಿಯಾದ ಎತ್ತರಕ್ಕೆ ಇಳಿಸಲೇ ಎಂದು ಕೇಳಿದೆ. ಸಂಶೋಧನೆ ಮುಗಿಯುವವರೆಗೆ ಯಾವುದನ್ನೂ ಮುಟ್ಟಬೇಡಿ ಎಂದರು.

12 ಆಗಸ್ಟ್, ಶುಕ್ರವಾರ

ಆಟಿ ಕಳೆದ ಮೇಲೆ ಹೆಬ್ರಿಯವರು ನಿಶ್ಚಯಕ್ಕೆ ಬರುತ್ತಾರಂತೆ. ಚೈತಾಲಿ ಫೋನಿನಲ್ಲಿ ನಗುತ್ತಾ ಅತ್ತಳು, ನಾನು ನಿನ್ನ ಮದುವೆಗೆ ಔಷಧಿ ಅಂಗಡಿಯವರೆಗೆ ಮಾತ್ರ ಬರುತ್ತೇನೆ ಎಂದೆ.

ಸಂಜೆ ಬೆಂಜಮಿನ್ ಎರಡನೆಯ ಸುತ್ತಿಗೆ ಬಂದಿದ್ದ. ಟೋಪಿ ಹಾಕಿಕೊಂಡು ಹೋದವನು ಬೇಗನೆ ತೆಗೆದ.

"ಈ ಸಲ ತಟ್ಟಲಿಲ್ಲ ಸಾರ್. ಬಾಗಿಲು ತೆರೆದೇ ಇಟ್ಟಿದ್ದೀರಲ್ಲ, ಹಾಗಾದರೆ ಹೆದರುವುದು ಎಂತಕ್ಕೆ?"

ನಾನು ಬಾಗಿಲು ತೆರೆದಿಟ್ಟಿಲ್ಲ. ಮೇಡಂ ಮುಟ್ಟಿಲ್ಲ, ಅವರಿಗೆ ಅದು ಬರುವುದೂ ಇಲ್ಲ. ಅವನು ಹೋದ ಮೇಲೆ ಬೈರಾಸು ಸರಿಸಿ ಟೋಪಿ ಹಾಕಿಕೊಂಡೆ. ಎದೆ ಓಡುತ್ತಿತ್ತು, ನೂರು ದಾಟಿತ್ತು. ಚಾವಡಿ, ಕೊಡಲಿಯ ಗಾಯದ ಕಂಬ, ಓಣಿ. ನಿಲ್ಲದೆ ನಡೆದೆ.

ಬಾಗಿಲು ಗೋಡೆಗೆ ಒರಗುವಷ್ಟು ತೆರೆದಿತ್ತು. ಹೊಸ್ತಿಲಲ್ಲಿ ನಿಂತು ಹಿಡಿಕೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಕೋಣೆಯ ಮೂಲೆ ಮೂಲೆ ನೋಡಿದೆ. ಯಾರೂ ಇಲ್ಲ. ಕಾಪು ಇಲ್ಲಿಂದ ಹತ್ತಿರವೇ, ಬಸ್ಸು ಬೇಕಾದಷ್ಟು ಉಂಟು. ಆದಿತ್ಯವಾರ ಹೋಗಿ ಆ ತಾಯಿಯನ್ನು ಮಾತನಾಡಿಸಿ ಬರಬೇಕು. ಅಕ್ಕನನ್ನು ಕೊಟ್ಟ ಮನೆಗೆ ತಮ್ಮ ಒಮ್ಮೆಯಾದರೂ ಹೋಗದಿದ್ದರೆ ಹೇಗೆ.